ತೆರಿಗೆ ಇಳಿಸಿದರೆ ಹೂಡಿಕೆ ಬರುತ್ತಾ? ಐದು ದಾರಿಗಳ ಹೋಲಿಕೆ

ಬಜೆಟ್ ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆ ನನಗೆ ಮೂರು ಕಡೆಯಿಂದ ಬರುತ್ತದೆ. ಕೆಎಎಸ್‌ಗೆ ಓದುತ್ತಿರುವ ಅಕ್ಕನ ಮಗ ಕೇಳುತ್ತಾನೆ: "ಮಾವ, ಬೆಳವಣಿಗೆ ಜಾಸ್ತಿ ಆಗ್ಬೇಕು ಅಂದ್ರೆ ಕಂಪನಿಗಳ ತೆರಿಗೆ ಇಳಿಸ್ಬೇಕೋ, ಸಂಬಳದವರದ್ದು ಇಳಿಸ್ಬೇಕೋ? ಯಾವ ಕಡೆ ಬರೀಲಿ?" ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳತಿಯದ್ದು ಬೇರೆ ರಾಗ: "ನಾನು ಕಟ್ಟೋ ದುಡ್ಡಲ್ಲಿ ರಸ್ತೆನಾದ್ರೂ ಮಾಡ್ಲಿ, ಇಲ್ಲಾಂದ್ರೆ ವಾಪಸ್ ಕೊಡ್ಲಿ." ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿರುವ ಇನ್ನೊಬ್ಬ ಗೆಳೆಯ ಪ್ರಶ್ನೆ ಕೇಳುವುದಿಲ್ಲ, ನೇರವಾಗಿ ಬೈಯಲು ಶುರು ಮಾಡುತ್ತಾನೆ.

ಮೂವರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ತೆರಿಗೆ ಕಡಿತ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ನಿಜಕ್ಕೂ ನಾಲ್ಕೈದು ಬೇರೆ ಬೇರೆ ಕೆಲಸ. ಒಂದು, ಕಂಪನಿಗಳ ಲಾಭದ ಮೇಲಿನ ದರ ಇಳಿಸುವುದು. ಎರಡು, ಹೊಸ ಮೆಷಿನ್ ಹಾಕಿದವರಿಗೆ, ಹೊಸದಾಗಿ ಉತ್ಪಾದಿಸಿದವರಿಗೆ ಮಾತ್ರ ರಿಯಾಯಿತಿ ಕೊಡುವುದು. ಮೂರು, ಜನರ ಆದಾಯ ತೆರಿಗೆ ಇಳಿಸುವುದು. ನಾಲ್ಕು, ಜಿಎಸ್‌ಟಿ ಇಳಿಸುವುದು. ಐದನೆಯದ್ದು, ಯಾವ ತೆರಿಗೆಯನ್ನೂ ಇಳಿಸದೆ ಅದೇ ದುಡ್ಡನ್ನು ರಸ್ತೆ, ರೈಲು, ಬಂದರಿಗೆ ಹಾಕುವುದು. ನಮ್ಮ ದೇಶ 2019ರಿಂದ ಈಚೆಗೆ ಈ ಐದನ್ನೂ ಮಾಡಿ ನೋಡಿದೆ. ಹಾಗಾಗಿ ಹೋಲಿಸಲು ಪುಸ್ತಕದ ಸಿದ್ಧಾಂತಕ್ಕೆ ಕಾಯಬೇಕಿಲ್ಲ.

ಮೊದಲು ಅಳತೆಗೋಲು

ನಾನು ಯಾವ ಕಡಿತ ನೋಡಿದರೂ ಮೊದಲು ಕೇಳಿಕೊಳ್ಳುವುದು: ಹೂಡಿಕೆ ಮಾಡಬೇಕಾದವನ ಕೈ ಕಟ್ಟಿರುವುದು ಏನು? ಆರ್ಡರ್ ಇಲ್ಲವೋ, ದುಡ್ಡಿಲ್ಲವೋ, ಇಲ್ಲ ದುಡ್ಡು ಹಾಕಿದರೂ ತೆರಿಗೆ ಕಳೆದು ಏನೂ ಉಳಿಯುವುದಿಲ್ಲವೋ? ಈ ಮೂರಕ್ಕೂ ಮದ್ದು ಬೇರೆ. ಜ್ವರಕ್ಕೂ ಕಾಲುನೋವಿಗೂ ಒಂದೇ ಮಾತ್ರೆ ಕೊಟ್ಟರೆ ಹೇಗೆ?

ಎರಡನೆಯದ್ದು, ಬಿಟ್ಟುಕೊಟ್ಟ ದುಡ್ಡು ಹೊಸ ಕೆಲಸಕ್ಕೆ ಹೋಗುತ್ತಾ, ಈಗಾಗಲೇ ನಡೆದು ಮುಗಿದಿರುವುದಕ್ಕೂ ಹೋಗುತ್ತಾ? ಇದನ್ನು ಬಹಳ ಜನ ಗಮನಿಸುವುದಿಲ್ಲ, ನನ್ನ ಪ್ರಕಾರ ಇದೇ ಮುಖ್ಯ. ಆಮೇಲೆ ಎಷ್ಟು ಬೇಗ ಫಲ, ಎಷ್ಟು ಜನರಿಗೆ. ಕೊನೆಗೆ, ಖೋತಾ ಆದ ದುಡ್ಡನ್ನು ಯಾರು ತುಂಬುತ್ತಾರೆ ಮತ್ತು ನಾಳೆ ಬೇಡ ಅನ್ನಿಸಿದರೆ ವಾಪಸ್ ತೆಗೆದುಕೊಳ್ಳಲು ಆಗುತ್ತಾ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಳವಣಿಗೆ ಅಂದಾಗ ಎರಡು ಅರ್ಥ ಇದೆ. ಈ ವರ್ಷ ಅಂಗಡಿಯಲ್ಲಿ ವ್ಯಾಪಾರ ಜಾಸ್ತಿ ಆಯಿತು, ಅದೂ ಬೆಳವಣಿಗೆ. ಹತ್ತು ವರ್ಷ ನಡೆಯುವ ಫ್ಯಾಕ್ಟರಿ ಎದ್ದು ನಿಂತಿತು, ಅದೂ ಬೆಳವಣಿಗೆ. ಮೊದಲನೆಯದ್ದಕ್ಕೆ ಜನರ ಜೇಬು ಸಾಕು. ಎರಡನೆಯದ್ದಕ್ಕೆ ಯಾರೋ ಒಬ್ಬರು ಸಾಲ ಮಾಡಿ ಮೆಷಿನ್ ಇಳಿಸಬೇಕು. ಟಿವಿ ಚರ್ಚೆಗಳಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.

ಕಂಪನಿ ತೆರಿಗೆ ದರ ಇಳಿಸುವುದು

2019ರ ಸೆಪ್ಟೆಂಬರ್ 20. ಜಿಎಸ್‌ಟಿ ಮಂಡಳಿ ಸಭೆಗೆ ಗೋವಾಕ್ಕೆ ಹೋಗಿದ್ದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅಲ್ಲೇ ಪತ್ರಿಕಾಗೋಷ್ಠಿ ಕರೆದು ಕಂಪನಿ ತೆರಿಗೆಯನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿದರು. ಅದರ ಮೇಲೆ ಬೀಳುವ ಹೆಚ್ಚುವರಿ ತೆರಿಗೆಗಳಾದ ಸರ್‌ಚಾರ್ಜ್, ಸೆಸ್ ಸೇರಿ ಶೇ 25.17. ಅಕ್ಟೋಬರ್ 1ರ ನಂತರ ಶುರುವಾಗುವ ಹೊಸ ಉತ್ಪಾದನಾ ಕಂಪನಿಗಳಿಗೆ ಶೇ 15, ಎಲ್ಲ ಸೇರಿ ಶೇ 17.16. ಖೋತಾ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಎಂದು ಸರ್ಕಾರವೇ ಅಂದಾಜು ಕೊಟ್ಟಿತು. ಆ ಒಂದೇ ದಿನ ಸೆನ್ಸೆಕ್ಸ್ 1,921 ಅಂಶ ಏರಿತು. ಷೇರು ಇಟ್ಟುಕೊಂಡವರ ಮನೆಯಲ್ಲಿ ಅವತ್ತು ಹೋಳಿಗೆ ಊಟ.

ಆದರೆ ಆಗ ಪರಿಸ್ಥಿತಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಆ ಜುಲೈ, ಆಗಸ್ಟ್‌ನಲ್ಲಿ ಕಾರು ಮಾರಾಟ ಹಿಂದಿನ ವರ್ಷಕ್ಕಿಂತ ಶೇ 30ಕ್ಕೂ ಹೆಚ್ಚು ಕುಸಿದಿತ್ತು. ಐದು ರೂಪಾಯಿ ಬಿಸ್ಕತ್ತು ಕೂಡ ಖರ್ಚಾಗುತ್ತಿಲ್ಲ ಎಂಬ ಸುದ್ದಿ ಓದಿದ ಕಾಲ ಅದು. ರಿಸರ್ವ್ ಬ್ಯಾಂಕಿನ ಸಮೀಕ್ಷೆ ಪ್ರಕಾರ ಫ್ಯಾಕ್ಟರಿಗಳು ತಮ್ಮ ಸಾಮರ್ಥ್ಯದಲ್ಲಿ ಶೇ 70ರಷ್ಟನ್ನೂ ಬಳಸುತ್ತಿರಲಿಲ್ಲ. ಇರುವ ಮೆಷಿನ್‌ಗಳಲ್ಲೇ ಮೂರನೇ ಒಂದು ಪಾಲು ಸುಮ್ನೆ ನಿಂತಿರುವಾಗ ತೆರಿಗೆ ಎಷ್ಟೇ ಇಳಿಸಿ, ಯಾರು ತಾನೇ ಹೊಸ ಮೆಷಿನ್ ತರುತ್ತಾರೆ? ಕೈ ಕಟ್ಟಿದ್ದು ಆರ್ಡರ್, ಬಿಚ್ಚಿದ್ದು ತೆರಿಗೆಯ ಗಂಟು.

ಉಳಿದ ದುಡ್ಡಲ್ಲಿ ಬಹಳಷ್ಟು ಕಂಪನಿಗಳು ಸಾಲ ತೀರಿಸಿಕೊಂಡವು, ಷೇರುದಾರರಿಗೆ ಕೊಟ್ಟವು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. 2018ರ ಮಾರ್ಚ್ ಹೊತ್ತಿಗೆ ಬ್ಯಾಂಕುಗಳ ವಸೂಲಾಗದ ಸಾಲ ಶೇ 11 ದಾಟಿತ್ತು. ಸಾಲದ ಹೊರೆ ಇಳಿಯದೆ ಹೊಸ ಹೂಡಿಕೆ ಆಗುತ್ತಲೇ ಇರಲಿಲ್ಲ. ಮೇಲಿಂದ ಆರೇ ತಿಂಗಳಲ್ಲಿ ಕೊರೊನಾ ಬಂತು, ಹಾಗಾಗಿ ಈ ಕಡಿತದ ಫಲ ಇಷ್ಟೇ ಎಂದು ಪ್ರತ್ಯೇಕವಾಗಿ ಅಳೆಯುವುದು ಕಷ್ಟ. ಆದರೂ ಒಂದು ಸಂಗತಿ ಸರ್ಕಾರದ ಆರ್ಥಿಕ ಸಮೀಕ್ಷೆಯೇ 2025ರಲ್ಲಿ ಬರೆದಿದೆ: 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3 ಏರಿತು, ಅವು ಕೊಟ್ಟ ಉದ್ಯೋಗ ಏರಿದ್ದು ಶೇ 1.5. ಈ ಎರಡು ಅಂಕಿಗಳ ನಡುವಿನ ಕಂದಕ ನೋಡಿ, ಹೆಚ್ಚು ವಿವರಣೆ ಬೇಕಿಲ್ಲ ಅನ್ನಿಸುತ್ತದೆ.

ಅಮೆರಿಕದಲ್ಲೂ 2017ರ ಕೊನೆಗೆ ಇದೇ ಮಾಡಿದರು, ಶೇ 35ರಿಂದ ಶೇ 21ಕ್ಕೆ. ಅಲ್ಲಿ ಕೈ ಕಟ್ಟಿದ್ದು ಬೇರೆ, ದರವೇ ಬೇರೆ ದೇಶಗಳಿಗಿಂತ ಎತ್ತರದಲ್ಲಿತ್ತು. ಅಲ್ಲಿ ಹೂಡಿಕೆ ನಿಜಕ್ಕೂ ಹೆಚ್ಚಿತು, ಮೂವರು ಅರ್ಥಶಾಸ್ತ್ರಜ್ಞರು 2024ರಲ್ಲಿ ಹಾಕಿದ ಲೆಕ್ಕದಲ್ಲಿ ಸುಮಾರು ಶೇ 11. ಆದರೆ ಕೆಲಸಗಾರರ ಸಂಬಳ ವರ್ಷಕ್ಕೆ 4,000ದಿಂದ 9,000 ಡಾಲರ್ ಏರುತ್ತದೆ ಎಂದು ಸರ್ಕಾರದವರು ಹೇಳಿದ್ದರು. ಅದೇ ಲೆಕ್ಕದಲ್ಲಿ ಸಿಕ್ಕಿದ್ದು 750 ಡಾಲರ್ ಆಸುಪಾಸು. ಕಡಿತ ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳಲೂ ಇಲ್ಲ.

ಪೀಣ್ಯದ ಲೆಕ್ಕ

ಈಗ ನನ್ನ ಗೆಳೆಯನ ಶೆಡ್‌ಗೆ ಬನ್ನಿ. ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡೆಯುವ ಮೂರು ಸಿಎನ್‌ಸಿ ಲೇತ್, ಲೋಹ ಕೊರೆದು ಆಕಾರ ಕೊಡುವ ಒಂದು ವಿಎಂಸಿ ಮೆಷಿನ್. ಒಳಗೆ ಕಾಲಿಟ್ಟರೆ ಕೂಲೆಂಟ್ ವಾಸನೆ. ನಾನು ಹೋದ ದಿನ ಒಂದು ಲೇತ್ ನಿಂತಿತ್ತು, ಅದರ ಮೇಲೆ ಆಪರೇಟರ್‌ನ ಟಿಫನ್ ಬಾಕ್ಸ್ ಕೂತಿತ್ತು. ಮೂಲೆಯಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ. ಎರಡನೇ ವಿಎಂಸಿ ಬಂದರೆ ಅಲ್ಲಿ ಕೂರಿಸಬೇಕು ಅಂತ ಗುರುತು. ಕೊಟೇಶನ್ 40 ಲಕ್ಷದ ಹತ್ತಿರ.

"ಗುರು, ಕಂಪನಿ ತೆರಿಗೆ ಇಳಿಸಿದ್ರು ಅಂತ ಎಲ್ರೂ ಕುಣಿದ್ರಲ್ಲ, ನಂಗೇನ್ ಸಿಕ್ತು ಗೊತ್ತಾ? ಸೊನ್ನೆ."

ಅವನು ಹೇಳಿದ್ದು ಸರಿ. ಅವನದ್ದು ಅಣ್ಣ-ತಮ್ಮ ಸೇರಿ ನಡೆಸುವ ಪಾಲುದಾರಿಕೆ ಸಂಸ್ಥೆ. 2019ರ ಕಡಿತ ಕಂಪನಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆಗೆ, ಎಲ್‌ಎಲ್‌ಪಿಗೆ (ಪಾಲುದಾರರ ಹೊಣೆಗೆ ಮಿತಿ ಇರುವ ಪಾಲುದಾರಿಕೆ) ದರ ಶೇ 30ರಲ್ಲೇ ನಿಂತಿದೆ, ಸೆಸ್ ಸೇರಿ ಶೇ 31.2. ಖಾಸಗಿ ಹೂಡಿಕೆ ಅಂತ ನಾವು ಮಾತಾಡುವಾಗ ಕಣ್ಣ ಮುಂದೆ ಬರುವುದು ದೊಡ್ಡ ಕಂಪನಿಗಳ ಗಾಜಿನ ಕಟ್ಟಡ. ಪೀಣ್ಯ, ರಾಜಾಜಿನಗರ, ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಹೂಡಿಕೆ ಮಾಡುವವರಲ್ಲಿ ಇಂಥ ಅಣ್ಣ-ತಮ್ಮಂದಿರು ಬೇಕಾದಷ್ಟು ಜನ.

ಅವನಿಗೂ ಶೇ 25.17 ಕೊಟ್ಟಿದ್ದರೆ ಎಂದು ಕೂತು ಲೆಕ್ಕ ಹಾಕಿದೆವು. ವರ್ಷಕ್ಕೆ 20 ಲಕ್ಷ ಲಾಭ ಅಂತ ಇಟ್ಟುಕೊಳ್ಳಿ. ಈಗ ಕಟ್ಟುವುದು 6.24 ಲಕ್ಷ, ಕಡಿತ ಸಿಕ್ಕರೆ 5.03 ಲಕ್ಷ. ಉಳಿಯುವುದು 1.21 ಲಕ್ಷ. 40 ಲಕ್ಷದ ಮೆಷಿನ್‌ಗೆ 30 ಲಕ್ಷ ಸಾಲ, ಐದು ವರ್ಷ, ಶೇ 10.5 ಬಡ್ಡಿ ಅಂದರೆ ತಿಂಗಳ ಇಎಂಐ 64,482 ರೂಪಾಯಿ. ಅಂದರೆ ಇಡೀ ವರ್ಷದ ತೆರಿಗೆ ಉಳಿತಾಯ ಎರಡು ಕಂತಿಗೂ ಸಾಲದು. ಬಡ್ಡಿ ಒಂದು ಪರ್ಸೆಂಟ್ ಇಳಿದರೆ ಉಳಿಯುವುದು ಇನ್ನೂ ಕಡಿಮೆ, ವರ್ಷಕ್ಕೆ 18 ಸಾವಿರ ಮುಟ್ಟುವುದಿಲ್ಲ. ಆದರೆ ಮೆಷಿನ್ ಎರಡು ಶಿಫ್ಟ್ ಓಡುವಷ್ಟು ಆರ್ಡರ್ ಇದ್ದರೆ ಇದ್ಯಾವುದೂ ತಲೆಗೆ ಬರುವುದೇ ಇಲ್ಲ.

ಕಂಪನಿ ಮಾಡಿಕೊಂಡುಬಿಡು ಅಂದೆ. ಆಡಿಟರ್ ಫೀಸು, ವರ್ಷವಿಡೀ ಫೈಲಿಂಗು, ಆಮೇಲೆ ಲಾಭವನ್ನು ಡಿವಿಡೆಂಡ್ ಆಗಿ ತೆಗೆದುಕೊಂಡರೆ ಕೈಯಲ್ಲಿ ಮತ್ತೆ ತೆರಿಗೆ. "ಇದ್ದಿದ್ದು ಇದ್ದ ಹಾಗೇ ಇರ್ಲಿ ಬಿಡು" ಅಂದ.

ಹೊಸದಕ್ಕೆ ಮಾತ್ರ ಕೊಡುವುದು

ಇಲ್ಲಿ ಎರಡನೇ ದಾರಿ ಬರುತ್ತದೆ, ಅದೇ ಶೆಡ್‌ನ ಲೆಕ್ಕ ಮುಂದುವರಿಸೋಣ. ಫ್ಯಾಕ್ಟರಿಗೆ ಹೊಸ ಮೆಷಿನ್ ಹಾಕಿದರೆ ಮಾಮೂಲಿ ಶೇ 15 ಡಿಪ್ರಿಸಿಯೇಷನ್ (ಸವಕಳಿ, ಅಂದರೆ ಮೆಷಿನ್ ಸವೆಯುವ ಲೆಕ್ಕದಲ್ಲಿ ಲಾಭದಿಂದ ಕಳೆಯುವ ಮೊತ್ತ) ಜೊತೆಗೆ ಮೊದಲ ವರ್ಷ ಶೇ 20 ಹೆಚ್ಚುವರಿಯಾಗಿ ಕಳೆಯಬಹುದು. 40 ಲಕ್ಷಕ್ಕೆ ಶೇ 20 ಅಂದರೆ 8 ಲಕ್ಷ. ಅದಕ್ಕೆ ಶೇ 31.2ರ ತೆರಿಗೆ ಉಳಿದರೆ 2.5 ಲಕ್ಷ. ದರ ಕಡಿತದಿಂದ ಸಿಗುತ್ತಿದ್ದುದರ ಎರಡು ಪಟ್ಟು. ನಿಜ, ಇದು ಪೂರ್ತಿ ಮಾಫಿ ಅಲ್ಲ. ಮುಂದಿನ ವರ್ಷಗಳಲ್ಲಿ ಸಿಗಬೇಕಿದ್ದ ಸವಕಳಿ ಮೊದಲೇ ಸಿಗುತ್ತದೆ ಅಷ್ಟೇ. ಆದರೆ ಸಾಲದ ಮೊದಲ ವರ್ಷ ಉಸಿರು ಕಟ್ಟುವಾಗ ಕೈಗೆ ಬರುವ ದುಡ್ಡಿನ ಬೆಲೆಯೇ ಬೇರೆ.

ವ್ಯತ್ಯಾಸ ಎಲ್ಲಿದೆ ನೋಡಿ. ದರ ಕಡಿತ ಅವನು ಮೆಷಿನ್ ತಂದರೂ ಸಿಗುತ್ತದೆ, ತರದೆ ಸುಮ್ಮನಿದ್ದರೂ ಸಿಗುತ್ತದೆ. ಹತ್ತು ವರ್ಷದ ಹಿಂದೆ ಹಾಕಿದ ಲೇತ್‌ನಿಂದ ಬರುವ ಲಾಭಕ್ಕೂ ಸಿಗುತ್ತದೆ. ಎರಡನೆಯದ್ದು ಸೀಮೆಸುಣ್ಣದ ಚೌಕದಲ್ಲಿ ಮೆಷಿನ್ ಕೂತರೆ ಮಾತ್ರ. ಸರ್ಕಾರ ಬಿಟ್ಟುಕೊಡುವ ಪ್ರತಿ ರೂಪಾಯಿಗೂ ಎದುರಿಗೆ ಒಂದು ಹೊಸ ಮೆಷಿನ್ ಇರುತ್ತದೆ. ವಿಚಿತ್ರ ಅಂದರೆ, ಶೇ 22ರ ದರ ಬೇಕು ಅಂದ ಕಂಪನಿಗಳು ಈ ಹೆಚ್ಚುವರಿ ಸವಕಳಿ ಬಿಟ್ಟುಕೊಡಬೇಕು. ಅಂದರೆ 2019ರಲ್ಲಿ ನಾವು ಮಾಡಿದ್ದು ಹೂಡಿಕೆಗೆ ಕಟ್ಟಿದ್ದ ರಿಯಾಯಿತಿ ಬಿಚ್ಚಿ, ಲಾಭಕ್ಕೆ ರಿಯಾಯಿತಿ ಕಟ್ಟಿದ್ದು. ದರ ಸರಳವಾಯಿತು, ಲೆಕ್ಕಪತ್ರದ ಜಗಳ ಕಡಿಮೆ ಆಯಿತು, ಅದು ಒಳ್ಳೆಯದೇ. ಆದರೆ ಹೂಡಿಕೆಯೇ ಗುರಿ ಆಗಿದ್ದರೆ ಇದು ಸುತ್ತು ದಾರಿ.

ಇದೇ ಜಾತಿಯ ಇನ್ನೊಂದು ಪಿಎಲ್‌ಐ, ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ. 2020ರಲ್ಲಿ ಮೊಬೈಲ್ ಫೋನ್‌ನಿಂದ ಶುರುವಾಗಿ 14 ವಲಯಗಳಿಗೆ ಹರಡಿತು, ಒಟ್ಟು 1.97 ಲಕ್ಷ ಕೋಟಿ ಎತ್ತಿಟ್ಟರು. ಹಿಂದಿನದ್ದಕ್ಕಿಂತ ಎಷ್ಟು ಹೆಚ್ಚು ಮಾರಿದಿರೋ ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಕೊಡುತ್ತಾರೆ. ಕೋಲಾರದ ನರಸಾಪುರದ ಕಡೆ ಬೆಳಗ್ಗೆ ಫೋನ್ ಫ್ಯಾಕ್ಟರಿಗೆ ಹೋಗುವ ಬಸ್ಸುಗಳ ಸಾಲು ನೋಡಿದವರಿಗೆ, ದೇವನಹಳ್ಳಿ ಹತ್ತಿರ ಫಾಕ್ಸ್‌ಕಾನ್ ಕಟ್ಟಡ ಏಳುವುದನ್ನು ನೋಡಿದವರಿಗೆ ಇದು ಕೆಲಸ ಮಾಡಲಿಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ. ಹಾಗಂತ ಎಲ್ಲ ವಲಯಕ್ಕೂ ಹೀಗೆ ಆಗಿಲ್ಲ. 2025ರ ಆರಂಭದ ಹೊತ್ತಿಗೆ ನಿಜವಾಗಿ ಹಂಚಿದ್ದು 14,000 ಕೋಟಿ ಚಿಲ್ಲರೆ. ಒಂದು ದೃಷ್ಟಿಯಲ್ಲಿ ಅದೇ ಇದರ ಗುಣ, ಕೆಲಸ ಆಗದಿದ್ದರೆ ದುಡ್ಡೂ ಹೋಗುವುದಿಲ್ಲ. ದೋಷವೂ ಇದೆ. ಯಾವ ವಲಯಕ್ಕೆ ಕೊಡಬೇಕು ಅಂತ ದೆಹಲಿಯಲ್ಲಿ ಕೂತವರು ಆರಿಸುತ್ತಾರೆ, ಅರ್ಜಿ ಹಾಕುವ ತಾಕತ್ತು ದೊಡ್ಡವರಿಗೇ ಹೆಚ್ಚು. ನನ್ನ ಗೆಳೆಯ ಅದರ ಫಾರಂ ಕೂಡ ನೋಡಿಲ್ಲ.

ಸಂಬಳದವರ ತೆರಿಗೆ

2025ರ ಬಜೆಟ್‌ನಲ್ಲಿ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ (ವಿನಾಯಿತಿಗಳನ್ನು ಬಿಟ್ಟು ಕಡಿಮೆ ದರ ಕಟ್ಟುವ ಪದ್ಧತಿ) 12 ಲಕ್ಷದ ತನಕ ತೆರಿಗೆ ಇಲ್ಲ ಅಂದರು, ಸಂಬಳದವರಿಗೆ 12.75 ಲಕ್ಷ. 12 ಲಕ್ಷ ಆದಾಯ ಇದ್ದವರಿಗೆ ಉಳಿದದ್ದು 80,000. ಬೊಕ್ಕಸಕ್ಕೆ ಖೋತಾ ಸುಮಾರು 1 ಲಕ್ಷ ಕೋಟಿ.

ಇದು ಬೇಗ ಮುಟ್ಟುತ್ತದೆ. ಏಪ್ರಿಲ್ ಸಂಬಳದಲ್ಲೇ ಟಿಡಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳುವ ತೆರಿಗೆ, ಕಡಿಮೆ. ಆದರೆ ಅದು ಖರ್ಚಾಗುತ್ತದಾ? ನನ್ನ ಗೆಳತಿ ಆ ದುಡ್ಡನ್ನು ಮನೆ ಸಾಲಕ್ಕೆ ಹೆಚ್ಚುವರಿಯಾಗಿ ಕಟ್ಟಿದಳು. ಜಾಣತನ. ಆದರೆ ಅಂಗಡಿಯವನಿಗೆ ಅದರಿಂದ ಆ ವರ್ಷ ಏನೂ ಸಿಗಲಿಲ್ಲ. ಹೀಗೆ ಉಳಿತಾಯಕ್ಕೆ ಹೋದ ದುಡ್ಡು ಬ್ಯಾಂಕಿನ ಮೂಲಕ ಒಂದು ದಿನ ಯಾರದ್ದೋ ಸಾಲವಾಗಿ ಹೊರಬರಬಹುದು, ಅದು ನಿಧಾನದ ದಾರಿ.

ಇನ್ನು ಎಷ್ಟು ಜನಕ್ಕೆ ಅನ್ನುವ ಪ್ರಶ್ನೆ. 2024ರ ಜುಲೈ 31ರ ಗಡುವಿಗೆ ಸಲ್ಲಿಕೆಯಾದ ರಿಟರ್ನ್ 7.28 ಕೋಟಿ. ಅದರಲ್ಲೂ ಬಹಳ ಜನ ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು. 140 ಕೋಟಿ ಜನರ ದೇಶದಲ್ಲಿ ಆದಾಯ ತೆರಿಗೆ ಕಡಿತ ಅನ್ನುವುದು ಊರಿನ ಒಂದೇ ಬೀದಿಗೆ ನೀರು ಬಿಟ್ಟ ಹಾಗೆ. ಇದರ ಪಕ್ಕದಲ್ಲಿ ಕರ್ನಾಟಕದ ಗೃಹಲಕ್ಷ್ಮಿ ಇಟ್ಟು ನೋಡಿ. ತಿಂಗಳಿಗೆ 2,000, ವರ್ಷಕ್ಕೆ 24,000, ಒಂದು ಕೋಟಿಗೂ ಹೆಚ್ಚು ಮಹಿಳೆಯರಿಗೆ. ತೆರಿಗೆ ಕಡಿತಕ್ಕೆ ಚಪ್ಪಾಳೆ ತಟ್ಟಿ ಇದನ್ನು ಮಾತ್ರ ಬಿಟ್ಟಿ ಭಾಗ್ಯ ಅಂತ ಕರೆಯುವವರ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಎರಡೂ ಬೊಕ್ಕಸದಿಂದ ಜೇಬಿಗೆ ಹೋಗುವ ದುಡ್ಡೇ ಅಲ್ವಾ? ಎರಡರಿಂದಲೂ ಮೆಷಿನ್ ನೇರವಾಗಿ ಹುಟ್ಟುವುದಿಲ್ಲ, ಎರಡೂ ವ್ಯಾಪಾರ ಹೆಚ್ಚಿಸಬಹುದು. ಗೃಹಲಕ್ಷ್ಮಿಯಲ್ಲಿ ದುಡ್ಡು ಬೇಗ ಖರ್ಚಾಗುತ್ತದೆ, ಅಷ್ಟೇ ವ್ಯತ್ಯಾಸ.

ಜಿಎಸ್‌ಟಿ

2025ರ ಸೆಪ್ಟೆಂಬರ್ 22ರಿಂದ ಶೇ 12, ಶೇ 28ರ ಹಂತಗಳು ಹೋಗಿ ಮುಖ್ಯವಾಗಿ ಶೇ 5 ಮತ್ತು ಶೇ 18 ಉಳಿದವು. ಸೋಪು, ಟೂತ್‌ಪೇಸ್ಟ್ 18ರಿಂದ 5ಕ್ಕೆ. ಸಿಮೆಂಟು, ಸಣ್ಣ ಕಾರು, 350 ಸಿಸಿ ತನಕದ ಬೈಕು 28ರಿಂದ 18ಕ್ಕೆ. ಇದು ಕೂಲಿಯವರಿಂದ ಹಿಡಿದು ಎಲ್ಲರನ್ನೂ ಮುಟ್ಟುವ ಕಡಿತ, ಮತ್ತು ಅದೇ ವಾರ ಮುಟ್ಟುತ್ತದೆ. ಆರ್ಡರ್ ಇಲ್ಲ ಅನ್ನುವುದೇ ರೋಗ ಆಗಿದ್ದರೆ ಇದು ಹತ್ತಿರದ ಮದ್ದು. ಬೈಕು ಜಾಸ್ತಿ ಮಾರಿದರೆ ಪೀಣ್ಯದ ಲೇತ್ ಓಡುತ್ತದೆ.

ತೊಂದರೆ ಏನೆಂದರೆ, ಇಳಿದ ತೆರಿಗೆ ಬೆಲೆಯಲ್ಲಿ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು ಸೆಪ್ಟೆಂಬರ್ 22ಕ್ಕೆ 610 ಆಯಿತು. ನವೆಂಬರ್‌ನಲ್ಲಿ 700 ಆಯಿತು. ಬೆಲೆಗೆ ಅದರದ್ದೇ ಬೇರೆ ಕಾರಣಗಳಿರುತ್ತವೆ, ತೆರಿಗೆ ಅದರಲ್ಲಿ ಒಂದು ಮಾತ್ರ.

ಇನ್ನೊಂದು, ಜಿಎಸ್‌ಟಿಯಲ್ಲಿ ಅರ್ಧ ರಾಜ್ಯದ್ದು. ಒಟ್ಟು ಖೋತಾ 48,000 ಕೋಟಿ ಎಂದು ಕೇಂದ್ರ ಹೇಳಿತು. ಕರ್ನಾಟಕ ತನಗೊಂದಕ್ಕೇ ವರ್ಷಕ್ಕೆ 15,000 ಕೋಟಿಯಷ್ಟು ನಷ್ಟ ಎಂದು ವಾದಿಸಿತು. ಯಾರ ಅಂದಾಜು ಸರಿಯೋ ಬೇರೆ ಮಾತು, ಆದರೆ ರಾಜ್ಯದ ಶಾಲೆ, ಆಸ್ಪತ್ರೆ ನಡೆಯುವುದು ಈ ದುಡ್ಡಲ್ಲೇ. ಕಂಪನಿ ತೆರಿಗೆಯಲ್ಲೂ ಹೀಗೇ, ಹಂಚಿಕೆಗೆ ಬರುವ ಕೇಂದ್ರ ತೆರಿಗೆಯಲ್ಲಿ ಶೇ 41 ರಾಜ್ಯಗಳದ್ದು. ದೆಹಲಿ 100 ರೂಪಾಯಿ ಬಿಟ್ಟುಕೊಟ್ಟರೆ 41 ರೂಪಾಯಿ ರಾಜ್ಯಗಳ ಜೇಬಿನಿಂದ ಹೋಗಿರುತ್ತದೆ, ಹೆಸರು ಮಾತ್ರ ದೆಹಲಿಯದ್ದು. ಸೆಸ್, ಸರ್‌ಚಾರ್ಜ್ ರಾಜ್ಯಗಳ ಜೊತೆ ಹಂಚಿಕೆಗೆ ಬರುವುದಿಲ್ಲ, ಹಾಗಾಗಿ ಅವನ್ನು ಇಳಿಸಿದರೆ ಹೀಗಾಗುವುದಿಲ್ಲ. ಯಾಕೆ ಅದನ್ನು ಮೊದಲು ಇಳಿಸುವುದಿಲ್ಲ ಅಂತ ನೀವೇ ಊಹಿಸಿ.

ಇಳಿಸದೆ ಕಟ್ಟುವುದು

2019-20ರಲ್ಲಿ ಕೇಂದ್ರದ ಬಂಡವಾಳ ವೆಚ್ಚ 3.36 ಲಕ್ಷ ಕೋಟಿ. 2025-26ರ ಬಜೆಟ್‌ನಲ್ಲಿ 11.21 ಲಕ್ಷ ಕೋಟಿ. ಖಾಸಗಿಯವರು ಕೈಕಟ್ಟಿ ಕೂತಿದ್ದ ವರ್ಷಗಳಲ್ಲಿ ಸಿಮೆಂಟು, ಕಬ್ಬಿಣ ಓಡಿದ್ದರಲ್ಲಿ ಇದರ ಪಾಲು ದೊಡ್ಡದು. ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ ಸುಕನ್ಯಾ ಬೋಸ್ ಮತ್ತು ಎನ್. ಆರ್. ಭಾನುಮೂರ್ತಿ 2013ರಲ್ಲಿ ಹಾಕಿದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸರ್ಕಾರ ಒಂದು ರೂಪಾಯಿಯನ್ನು ಕಟ್ಟುವ ಕೆಲಸಕ್ಕೆ ಹಾಕಿದರೆ ಆರ್ಥಿಕತೆಗೆ 2.45 ರೂಪಾಯಿ. ಜನರ ಕೈಗೆ ಕೊಟ್ಟರೆ 0.98. ತೆರಿಗೆ ಬಿಟ್ಟರೆ ಸುಮಾರು ಒಂದು ರೂಪಾಯಿ. ಇದು ಸರಾಸರಿ, ಹಳೆಯ ಅಂಕಿಗಳದ್ದು, ಪ್ರತಿ ವರ್ಷ ಹೀಗೇ ಅಂತ ಅಲ್ಲ. ಆದರೂ ಅಂತರ ದೊಡ್ಡದು.

ಇದರ ಕಷ್ಟ ಗೊತ್ತಿರುವುದೇ. ಜಮೀನು, ಟೆಂಡರು, ಕೋರ್ಟು. ಇವತ್ತು ಘೋಷಿಸಿದರೆ ಫಲ ಐದು ವರ್ಷಕ್ಕೆ. ಕಳಪೆ ಕೆಲಸ ಮಾಡಿದರೆ 2.45 ಎಲ್ಲಿಂದ ಬರಬೇಕು? ಲಾಭ ನಷ್ಟ ಕೂಡ ಒಂದೇ ಕಡೆ ಬೀಳುವುದಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು, ಮೂರು ಗಂಟೆ ದಾರಿ ಒಂದೂವರೆ ಗಂಟೆಗೆ ಬಂತು. ಮದ್ದೂರಲ್ಲಿ ವಡೆಗೆ ನಿಲ್ಲುತ್ತಿದ್ದ ಕಾರುಗಳು ಬೈಪಾಸ್‌ನಲ್ಲಿ ಹಾರಿಹೋಗುತ್ತಿವೆ. ಮೈಸೂರಿಗೆ ಬಂದದ್ದು ಮದ್ದೂರಿನಿಂದ ಸ್ವಲ್ಪ ಹೋಯಿತು.

ಎಲ್ಲಿ ಗೆದ್ದಿತು, ಎಲ್ಲಿ ಮುಳುಗಿತು

ತೆರಿಗೆ ಇಳಿಸಿದರೆ ವಸೂಲಿಯೇ ಜಾಸ್ತಿ ಆಗುತ್ತದೆ ಎಂಬ ವಾದ ಯಾರಾದರೂ ಹೂಡಿದರೆ, ದರ ಎಲ್ಲಿಂದ ಇಳಿಯಿತು ಅಂತ ಕೇಳಿ. ನಮ್ಮಲ್ಲೇ 1973-74ರಲ್ಲಿ ಆದಾಯ ತೆರಿಗೆಯ ಮೇಲಿನ ದರ ಸರ್‌ಚಾರ್ಜ್ ಸೇರಿ ಶೇ 97.75 ಇತ್ತು. ನೂರು ರೂಪಾಯಿ ದುಡಿದರೆ ಎರಡೂಕಾಲು ರೂಪಾಯಿ ನಿಮ್ಮದು. ಅಲ್ಲಿಂದ ಇಳಿಸಿ, 1997ರಲ್ಲಿ ಹಣಕಾಸು ಸಚಿವ ಚಿದಂಬರಂ ಶೇ 10, 20, 30ಕ್ಕೆ ತಂದದ್ದು ಸರಿಯೇ. ಅಷ್ಟು ಎತ್ತರದ ದರದಲ್ಲಿ ಜನ ತೆರಿಗೆ ಕಟ್ಟುತ್ತಿರಲಿಲ್ಲ, ಬಚ್ಚಿಡುತ್ತಿದ್ದರು. ಶೇ 25ರಿಂದ ಶೇ 20ಕ್ಕೆ ಇಳಿಸಿದಾಗ ಅದೇ ಚಮತ್ಕಾರ ನಿರೀಕ್ಷಿಸಬೇಡಿ.

ಅಮೆರಿಕದ ಕ್ಯಾನ್ಸಸ್ ರಾಜ್ಯ 2012ರಲ್ಲಿ ಇದನ್ನೇ ನಂಬಿತು. ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಆದಾಯ ತೆರಿಗೆ ಇಳಿಸಿ, ಸಣ್ಣ ವ್ಯವಹಾರಗಳ ಆದಾಯಕ್ಕೆ ತೆರಿಗೆಯನ್ನೇ ತೆಗೆದರು. ಜನ ಹೊಸ ವ್ಯವಹಾರ ಮಾಡುವುದಕ್ಕಿಂತ ತಮ್ಮ ಸಂಬಳವನ್ನೇ ವ್ಯವಹಾರದ ಆದಾಯ ಅಂತ ತೋರಿಸಲು ಕಲಿತರು. ಕೆಲವು ಶಾಲೆಗಳು ದುಡ್ಡಿಲ್ಲದೆ ವರ್ಷ ಮುಗಿಯುವ ಮೊದಲೇ ಬಾಗಿಲು ಹಾಕಿದವು. 2017ರಲ್ಲಿ ಅವರದ್ದೇ ಪಕ್ಷದವರು ಸೇರಿಕೊಂಡು ಅವರ ವೀಟೋ ಮೀರಿ ಕಡಿತ ರದ್ದು ಮಾಡಿದರು.

ಬ್ರಿಟನ್‌ನದ್ದು ಇನ್ನೂ ಬೇಗ ಮುಗಿಯಿತು. 2022ರ ಸೆಪ್ಟೆಂಬರ್ 23ರಂದು ಪ್ರಧಾನಿ ಲಿಜ್ ಟ್ರಸ್ ಸರ್ಕಾರ 45 ಶತಕೋಟಿ ಪೌಂಡ್ ಕಡಿತ ಘೋಷಿಸಿತು, ದುಡ್ಡು ಎಲ್ಲಿಂದ ಅಂತ ಹೇಳಲೇ ಇಲ್ಲ. ಬೆಲೆ ಏರಿಕೆ ತಡೆಯಲು ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ಏರಿಸುತ್ತಿದ್ದ ಹೊತ್ತು ಅದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪೌಂಡ್ ಕುಸಿಯಿತು, ಮನೆ ಸಾಲದ ಬಡ್ಡಿ ಹಾರಿತು, ಟ್ರಸ್ 50 ದಿನ ತುಂಬುವ ಮೊದಲೇ ಮನೆಗೆ ಹೋದರು. ಖಾಸಗಿ ಹೂಡಿಕೆ ಬರಲಿ ಅಂತ ಮಾಡಿದ ಕಡಿತ ಸಾಲವನ್ನೇ ದುಬಾರಿ ಮಾಡಿದರೆ ಹೂಡುವವರು ಯಾರು?

ಹಾಗಾದರೆ ಯಾವುದು?

ಫ್ಯಾಕ್ಟರಿಗಳು ಅರ್ಧಂಬರ್ಧ ಓಡುತ್ತಿದ್ದರೆ ಜಿಎಸ್‌ಟಿ ಇಳಿಸಿ, ಇಲ್ಲ ಬಡವರ ಕೈಗೆ ದುಡ್ಡು ಕೊಡಿ. ಕಂಪನಿ ದರ ಮುಟ್ಟಬೇಡಿ. ರಿಸರ್ವ್ ಬ್ಯಾಂಕಿನ ಸಾಮರ್ಥ್ಯ ಬಳಕೆಯ ಅಂಕಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಅದು 75ರ ಮೇಲೆ ಏರುತ್ತಿದ್ದರೆ ಹೊಸ ಮೆಷಿನ್‌ಗೆ ಕಾಲ ಬಂದಿದೆ ಅಂತ ಅರ್ಥ. ಆಗ ಹೊಸದಕ್ಕೆ ಮಾತ್ರ ಸಿಗುವ ರಿಯಾಯಿತಿ ಕೊಡಿ, ಪಾಲುದಾರಿಕೆ ಸಂಸ್ಥೆಗಳಿಗೂ ಸೇರಿಸಿ. ದರ ಅಕ್ಕಪಕ್ಕದ ದೇಶಗಳಿಗಿಂತ ತೀರಾ ಮೇಲಿದ್ದರೆ ಮಾತ್ರ ದರ ಕಡಿತ. ಬೊಕ್ಕಸ ಖಾಲಿ ಇದ್ದರೆ ಯಾವ ಕಡಿತವೂ ಬೇಡ, ಆಗಲೂ ಮಾಡಬಹುದಾದ ಕೆಲಸಗಳಿವೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ದುಡ್ಡು ಕೊಡದಿದ್ದರೆ ಕೊಂಡವರು ಆ ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯಲು ಆಗುವುದಿಲ್ಲ ಎಂಬ ನಿಯಮ 2023-24ರ ಲೆಕ್ಕದಿಂದ ಬಂದಿದೆ. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಮೂರು ತಿಂಗಳು ಪೇಮೆಂಟ್‌ಗೆ ಕಾಯುತ್ತಿದ್ದವನಿಗೆ ಅದು 1.21 ಲಕ್ಷದ ಕಡಿತಕ್ಕಿಂತ ದೊಡ್ಡದು.

ಅಕ್ಕನ ಮಗನಿಗೆ ಹೇಳಿದೆ, ಯಾವ ಕಡೆ ಅಂತ ಬರೆಯುವ ಮೊದಲು ಯಾವ ವರ್ಷ ಅಂತ ಬರಿ. 2019ಕ್ಕೆ ಒಂದು ಉತ್ತರ, 1997ಕ್ಕೆ ಇನ್ನೊಂದು. ಗೆಳತಿಗೆ ಹೇಳಿದೆ, ಲೆಕ್ಕದ ಪ್ರಕಾರ ನಿನ್ನ ದುಡ್ಡು ರಸ್ತೆಗೆ ಹೋದರೇ ದೇಶಕ್ಕೆ ಲಾಭ, ಆದರೆ ರಸ್ತೆ ನಿಜವಾಗಲೂ ಆಗಬೇಕು. ಅವಳು ನಕ್ಕಳು.

ಪೀಣ್ಯದವನಿಗೆ ದೇಶದ ಚಿಂತೆ ಬೇಡ, ಅವನಿಗೆ ಬೇಕಾದ್ದು ಬೇರೆ. ಆರ್ಡರ್ ಕೈಗೆ ಬರುವ ತನಕ ಮೆಷಿನ್ ತರಬೇಡ, ತಂದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಓಡಿಸಲು ಶುರು ಮಾಡು ಅಂದೆ. ಆ ಹಣಕಾಸು ವರ್ಷದಲ್ಲಿ 180 ದಿನ ಬಳಸಿದರೆ ಪೂರ್ತಿ ಸವಕಳಿ, ಇಲ್ಲದಿದ್ದರೆ ಆ ವರ್ಷಕ್ಕೆ ಅರ್ಧ ಮಾತ್ರ. ಇದನ್ನು ಅವನ ಆಡಿಟರ್ ಇದುವರೆಗೆ ಹೇಳಿರಲಿಲ್ಲವಂತೆ.